ಕೆ.ಜಿ. ಖರ್ಚು ಯಾಕೋ ಸರಿ ಬರುತ್ತಿಲ್ಲ: ಗೇರುಬೀಜ ಫ್ಯಾಕ್ಟರಿಯ ಪ್ರೊಸೆಸ್ ಕಾಸ್ಟಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಹೋದ ತಿಂಗಳು ಒಡೆಯುವ ವಿಭಾಗದ ಖರ್ಚು ತಿರುಳಿನ ಕೆ.ಜಿ.ಗೆ ₹516 ಇತ್ತು. ಈ ತಿಂಗಳು ಶೀಟು ₹642 ತೋರಿಸುತ್ತಿದೆ. ಬೀಜದ ರೇಟು ಸ್ವಲ್ಪ ಏರಿದೆ ನಿಜ, ಆದರೆ ಅಷ್ಟೊಂದು ಏರಿಲ್ಲ. ಕೂಲಿ ಹೆಚ್ಚುಕಮ್ಮಿ ಹಾಗೇ ಇದೆ. ಧಣಿಗಳು ಶೀಟು ನೋಡಿ "ಇದೆಂತ ಲೆಕ್ಕ ಮಾರಾಯ್ರೆ?" ಅಂತ ಕೇಳುತ್ತಾರೆ, ನಿಮ್ಮ ಹತ್ತಿರ ಉತ್ತರ ಇಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ವೋಚರ್ ಫೈಲಿಗೆ ಕೈ ಹಾಕುತ್ತಾರೆ. ಯಾವುದೋ ಬಿಲ್ಲು ಎರಡು ಸಲ ಎಂಟ್ರಿ ಆಗಿರಬೇಕು ಅಂತ ದಿನವಿಡೀ ಹುಡುಕುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ರೂಪಾಯಿ ತಪ್ಪುವುದು ಕಡಿಮೆ, ಯಾಕೆಂದರೆ ರೂಪಾಯಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ಪಾರ್ಟಿ ಲೆಡ್ಜರ್ ಇದೆ, ಹೆಚ್ಚುಕಡಿಮೆ ಆದರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಕೆ.ಜಿ.ಗೆ ಅಂಥ ಕಾವಲು ಇಲ್ಲ. ಯೂನಿಟ್ ಕಾಸ್ಟ್ ಅಂದರೆ ಮೇಲೆ ರೂಪಾಯಿ, ಕೆಳಗೆ ಯೂನಿಟ್ ಇಟ್ಟು ಭಾಗಿಸುವುದು. ತಪ್ಪು ಹೆಚ್ಚಾಗಿ ಇರುವುದು ಕೆಳಗೆ.

ಇಲ್ಲಿ ಉದಾಹರಣೆಗೆ ಕರಾವಳಿಯ ಗೇರುಬೀಜ ಫ್ಯಾಕ್ಟರಿಯನ್ನೇ ತೆಗೆದುಕೊಂಡಿದ್ದೇನೆ. ಪ್ರೊಸೆಸ್ ಕಾಸ್ಟಿಂಗ್, ಅಂದರೆ ವಿಭಾಗವಾರು ಖರ್ಚು ಕೂಡಿ ಯೂನಿಟ್ಟಿಗೆ ಹಂಚುವ ಲೆಕ್ಕ, ಅದರ ತೊಂದರೆಗಳು ಇಲ್ಲಿ ಒಂದೂ ಬಿಡದೆ ಬರುತ್ತವೆ: ತೂಕ ಇಳಿಯುತ್ತದೆ, ಚಿಪ್ಪು ಮಾರಾಟ ಆಗುತ್ತದೆ, ಒಂದೇ ಬೀಜದಿಂದ ಹತ್ತಾರು ಗ್ರೇಡು ಹೊರಬರುತ್ತವೆ, ತಿಂಗಳ ಕೊನೆಗೆ ಯಾವಾಗ ನೋಡಿದರೂ ಅರ್ಧ ಮುಗಿದ ಮಾಲು ಬಿದ್ದಿರುತ್ತದೆ. ಅಂಕಿಗಳನ್ನು ಲೆಕ್ಕ ಸುಲಭ ಆಗಲಿ ಅಂತ ದುಂಡಗೆ ಮಾಡಿದ್ದೇನೆ. ಅವನ್ನು ಮಾರ್ಕೆಟ್ ರೇಟು ಅಂದುಕೊಳ್ಳಬೇಡಿ.

ಕೆಲಸವನ್ನು ಎರಡು ವಿಭಾಗ ಮಾಡೋಣ. ಮೊದಲನೆಯದರಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಡೆದು, ತಿರುಳು ತೆಗೆಯುತ್ತಾರೆ. ಎರಡನೆಯದರಲ್ಲಿ ತಿರುಳನ್ನು ಬೊರ್ಮಾದಲ್ಲಿ (ಬಿಸಿಗಾಳಿಯ ಒಣಗಿಸುವ ಕೋಣೆ) ಒಣಗಿಸಿ, ಕೆಂಪು ಸಿಪ್ಪೆ ಸುಲಿದು, ಗ್ರೇಡ್ ಮಾಡುತ್ತಾರೆ. ಮೊದಲನೆಯದರ ಈ ತಿಂಗಳ ಲೆಕ್ಕ ಹೀಗಿದೆ. ತಿಂಗಳ ಶುರುವಿನಲ್ಲಿ ಬೇಯಿಸಿ ಇಟ್ಟ, ಒಡೆಯದ ಬೀಜ 4,000 ಕೆ.ಜಿ. ಅದರ ಮೇಲೆ ಆಗಲೇ ಬಿದ್ದಿದ್ದ ಬೀಜದ ಖರ್ಚು ₹4,76,000, ಕನ್ವರ್ಷನ್ ಖರ್ಚು, ಅಂದರೆ ಕೂಲಿ, ಕರೆಂಟ್, ಉರುವಲು, ಮೇಲ್ಖರ್ಚು ಎಲ್ಲ ಸೇರಿ ₹16,000. ಈ ತಿಂಗಳು ಹೊಸದಾಗಿ ಹಾಕಿದ ಬೀಜ 40,000 ಕೆ.ಜಿ., ಕೆ.ಜಿ.ಗೆ ₹130ರಂತೆ ₹52,00,000. ಈ ತಿಂಗಳ ಕನ್ವರ್ಷನ್ ₹4,08,200. ಕೊನೆಗೆ ಬೇಯಿಸಿ ಒಡೆಯದೆ ಉಳಿದದ್ದು 6,000 ಕೆ.ಜಿ. ಎರಡನೇ ವಿಭಾಗಕ್ಕೆ ಹೋದ ತಿರುಳು 9,500 ಕೆ.ಜಿ.

ಮೊದಲು ಕೆ.ಜಿ. ತಾಳೆ ಆಗಲಿ

ರೂಪಾಯಿ ಕಾಲಂ ಪೂರ್ತಿ ಮುಚ್ಚಿಬಿಡಿ. ಬರೀ ತೂಕ ನೋಡಿ. ಶುರುವಿನ ಮಾಲು ಮತ್ತು ಹೊಸ ಮಾಲು ಕೂಡಿದರೆ ಎಷ್ಟು ಬರುತ್ತದೋ ಅಷ್ಟೇ ಮುಗಿದ ಮಾಲು, ಉಳಿದ ಮಾಲು ಮತ್ತು ಹೋದ ತೂಕ ಕೂಡಿದರೂ ಬರಬೇಕು. ಇದು ತಾಳೆ ಆಗದಿದ್ದರೆ ಮುಂದಿನ ಲೆಕ್ಕಕ್ಕೆ ಅರ್ಥವೇ ಇಲ್ಲ.

ನಮ್ಮ ಉದಾಹರಣೆಯಲ್ಲಿ 4,000 ಮತ್ತು 40,000 ಸೇರಿ 44,000 ಕೆ.ಜಿ. ಬೀಜ. ಅದರಲ್ಲಿ 6,000 ಉಳಿದಿದೆ, ಹಾಗಾದರೆ 38,000 ಕೆ.ಜಿ. ಒಡೆದಿದೆ. 38,000 ಒಡೆದು 9,500 ತಿರುಳು ಬಂದರೆ ಯೀಲ್ಡ್ ಶೇ. 25. ಈ ಶೇ. 25 ನಂಬುವಂಥದ್ದೇ ಅಂತ ನೋಡಲು ಬೀಜ ಕೊಂಡಾಗಿನ ಔಟ್‌ಟರ್ನ್ (ಸ್ಯಾಂಪಲ್ ಒಡೆದು ನೋಡಿದ ತಿರುಳಿನ ಪ್ರಮಾಣ) ಕಾಗದ ತೆಗೆಯಿರಿ. ವ್ಯಾಪಾರದಲ್ಲಿ ಔಟ್‌ಟರ್ನ್ ಹೇಳುವುದು 80 ಕೆ.ಜಿ. ಮೂಟೆಗೆ ಇಷ್ಟು ಪೌಂಡ್ ಅಂತ. 44 ಪೌಂಡ್ ಅಂದರೆ ಸುಮಾರು 20 ಕೆ.ಜಿ., 80ರಲ್ಲಿ 20 ಅಂದರೆ ಶೇ. 25. ಸರಿಹೋಯಿತು. ಆದರೆ ಆ ಸಂಖ್ಯೆಯನ್ನೇ ಎತ್ತಿ ಶೀಟಿಗೆ ಹಾಕುವುದು ಬೇಡ. ಔಟ್‌ಟರ್ನ್ ತೆಗೆಯುವಾಗ ಕಲೆಬಿದ್ದ, ಬೆಳೆಯದ ತಿರುಳಿಗೆ ಅರ್ಧ ತೂಕವನ್ನಷ್ಟೇ ಹಿಡಿಯುತ್ತಾರೆ, ಹಾಗಾಗಿ ಅದು ಬೀಜದ ಗುಣ ಹೇಳುತ್ತದೆಯೇ ಹೊರತು ನಿಮ್ಮ ತಕ್ಕಡಿಗೆ ಬಂದ ತೂಕವನ್ನಲ್ಲ. ಹೋಲಿಸಿ ನೋಡಲು ಮಾತ್ರ ಬಳಸಿ.

ಇನ್ನೊಂದು ಗಮನಿಸಿ. ಹಬೆಯಲ್ಲಿ ಬೆಂದ ಬೀಜ ನೀರು ಕುಡಿದಿರುತ್ತದೆ. ತಿಂಗಳ ಕೊನೆಯ ದಿನ ಅದನ್ನು ತೂಗಿ ಡಬ್ಲ್ಯುಐಪಿ (ಅರ್ಧ ಮುಗಿದ ಮಾಲು) ಅಂತ ಬರೆದರೆ ನೀರನ್ನೂ ಬೀಜದ ಲೆಕ್ಕಕ್ಕೆ ಸೇರಿಸಿದಂತೆ. ಗೋದಾಮಿನಿಂದ ಹೊರಗೆ ಕೊಟ್ಟಾಗಿನ ತೂಕವನ್ನೇ ಹಿಡಿಯಿರಿ. ಎಷ್ಟು ಮೂಟೆ ಕುಕ್ಕರಿಗೆ ಹೋಯಿತು, ಎಷ್ಟು ಒಡೆಯಲು ಹೋಯಿತು, ಇದು ಮೇಸ್ತ್ರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಸುಮ್ನೆ ಕೇಳಿದರೆ ಕೊಡುತ್ತಾರೆ.

ಪ್ರತಿ ತಪ್ಪಿಗೂ ಒಂದು ಗುರುತು

ತೂಕ ತಾಳೆ ಆಯಿತು ಅಂದುಕೊಳ್ಳಿ. ಈಗ ಮೊದಲು ಸರಿಯಾದ ಉತ್ತರ ತೆಗೆಯೋಣ, ಆಮೇಲೆ ನಿಮ್ಮ ತಪ್ಪು ಉತ್ತರ ಯಾವ ದಾರಿಯಲ್ಲಿ ಬಂತು ಅಂತ ಕಂಡುಹಿಡಿಯುವುದು ಸುಲಭ.

ಎಲ್ಲವನ್ನೂ ತಿರುಳಿನ ತೂಕಕ್ಕೆ ತನ್ನಿ. ಉಳಿದ 6,000 ಕೆ.ಜಿ. ಬೀಜದಲ್ಲಿ ಶೇ. 25ರಂತೆ 1,500 ಕೆ.ಜಿ. ತಿರುಳಿದೆ. ಬೀಜವನ್ನು ಶುರುವಿನಲ್ಲೇ ಹಾಕಿಬಿಡುವುದರಿಂದ ಸಾಮಗ್ರಿಯ ಮಟ್ಟಿಗೆ ಈ 1,500 ಪೂರ್ತಿ ಮುಗಿದಂತೆ. ಸಾಮಗ್ರಿಯ ಈಕ್ವಿವಲೆಂಟ್ ಯೂನಿಟ್, ಅಂದರೆ ಅರ್ಧ ಮುಗಿದದ್ದನ್ನೂ ಪೂರ್ತಿ ಮುಗಿದ ಮಾಲಿನ ಲೆಕ್ಕಕ್ಕೆ ತಂದ ಸಂಖ್ಯೆ, 9,500 ಮತ್ತು 1,500 ಸೇರಿ 11,000. ಕನ್ವರ್ಷನ್ ವಿಷಯ ಬೇರೆ. ಬೇಯಿಸಿದ್ದು ಆಗಿದೆ, ಒಡೆದಿಲ್ಲ, ಕೆಲಸ ಶೇ. 40 ಆಗಿದೆ ಅಂತ ಹಿಡಿದರೆ 1,500ರಲ್ಲಿ 600 ಯೂನಿಟ್ ಅಷ್ಟೇ ಮುಗಿದ ಲೆಕ್ಕ. ಕನ್ವರ್ಷನ್ ಯೂನಿಟ್ 10,100.

ವೇಟೆಡ್ ಆವರೇಜ್ ವಿಧಾನದಲ್ಲಿ (ಶುರುವಿನ ಮಾಲಿನ ಖರ್ಚನ್ನೂ ಈ ತಿಂಗಳ ಖರ್ಚನ್ನೂ ಕೂಡಿ ಸರಾಸರಿ ತೆಗೆಯುವುದು) ಸಾಮಗ್ರಿ ₹56,76,000 ಭಾಗಿಸು 11,000, ಅಂದರೆ ₹516. ಕನ್ವರ್ಷನ್ ₹4,24,200 ಭಾಗಿಸು 10,100, ಅಂದರೆ ₹42. ಒಟ್ಟು ₹558. (ಹೋದ ತಿಂಗಳ ಒಟ್ಟು ಖರ್ಚೂ ₹516 ಇತ್ತು, ಈ ತಿಂಗಳ ಬೀಜದ ಖರ್ಚೇ ₹516. ಅದು ಕಾಕತಾಳೀಯ, ಗೊಂದಲ ಮಾಡಿಕೊಳ್ಳಬೇಡಿ.) ಮುಗಿದ 9,500 ಕೆ.ಜಿ.ಗೆ ₹53,01,000, ಉಳಿದ ಮಾಲಿಗೆ ₹7,74,000 ಮತ್ತು ₹25,200 ಸೇರಿ ₹7,99,200. ಎರಡನ್ನೂ ಕೂಡಿ: ₹61,00,200. ಖರ್ಚಿನ ಒಟ್ಟು ಮೊತ್ತವೂ ಅದೇ. ಈ ತಾಳೆ ಬಾರದೆ ಶೀಟು ಯಾರಿಗೂ ಕಳಿಸಬೇಡಿ.

ಈಗ ಆ ₹642 ನೋಡಿ. ₹61,00,200 ಅನ್ನು ಬರೀ 9,500ರಿಂದ ಭಾಗಿಸಿದರೆ ₹642.13. ಅಂದರೆ ಉಳಿದ ಮಾಲನ್ನು ಲೆಕ್ಕಕ್ಕೇ ಹಿಡಿದಿಲ್ಲ, ಅದರ ಖರ್ಚನ್ನೂ ಮುಗಿದ ತಿರುಳಿನ ತಲೆಗೆ ಕಟ್ಟಿದ್ದಾರೆ. ಇದು ಅತಿ ಸಾಮಾನ್ಯ ತಪ್ಪು. ನಿಮಗೆ ₹590 ಬಂದಿದೆಯಾ? ಹಾಗಾದರೆ ಈ ತಿಂಗಳ ಖರ್ಚು ₹56,08,200 ಮಾತ್ರ ತೆಗೆದುಕೊಂಡು 9,500ರಿಂದ ಭಾಗಿಸಿದ್ದೀರಿ, ಶುರುವಿನ ಮಾಲು, ಕೊನೆಯ ಮಾಲು ಎರಡೂ ಬಿಟ್ಟುಹೋಗಿವೆ. ಇದು ಸ್ವಲ್ಪ ಮೋಸಗಾರ ಸಂಖ್ಯೆ, ಯಾಕೆಂದರೆ ಶುರು ಮತ್ತು ಕೊನೆಯ ಮಾಲು ಹೆಚ್ಚುಕಮ್ಮಿ ಒಂದೇ ಇರುವ ತಿಂಗಳಲ್ಲಿ ಈ ಅಡ್ಡದಾರಿ ಸರಿಯಾದ ಉತ್ತರದ ಹತ್ತಿರಕ್ಕೇ ಬರುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ಆಮೇಲೆ ಒಂದು ತಿಂಗಳು ಬಾಯ್ಲರ್ ಕೆಟ್ಟು ಮಾಲು ಉಳಿದಾಗ ಎಲ್ಲ ಒಟ್ಟಿಗೆ ಬಯಲಾಗುತ್ತದೆ.

ಸಾಮಗ್ರಿ ಖರ್ಚು ಏಕಾಏಕಿ ₹366ಕ್ಕೆ ಇಳಿದಿದ್ದರೆ ಬೀಜವನ್ನೂ ತಿರುಳನ್ನೂ ಒಂದೇ ಕಾಲಂನಲ್ಲಿ ಕೂಡಿದ್ದೀರಿ. 9,500 ಕೆ.ಜಿ. ತಿರುಳು, 6,000 ಕೆ.ಜಿ. ಬೀಜ, ಎರಡೂ ಕೆ.ಜಿ. ತಾನೇ ಅಂತ ಎಕ್ಸೆಲ್ 15,500 ಮಾಡಿಕೊಡುತ್ತದೆ. ₹56,76,000 ಭಾಗಿಸು 15,500, ₹366.19. ಎಕ್ಸೆಲ್ ಬೈಯುವುದಿಲ್ಲ. ಯೂನಿಟ್ ಹೆಸರು ಎರಡೂ ಕಡೆ "ಕೆ.ಜಿ." ಅಂತ ಇರುವುದೇ ಈ ತಪ್ಪಿನ ಮೂಲ. ಕಾಲಂ ತಲೆಯಲ್ಲೇ "ಬೀಜ ಕೆ.ಜಿ.", "ತಿರುಳು ಕೆ.ಜಿ." ಅಂತ ಬೇರೆ ಬೇರೆ ಬರೆದುಬಿಡಿ. ಎಣ್ಣೆ ಗಿರಣಿಯವರಿಗೆ ಲೀಟರ್ ಮತ್ತು ಕೆ.ಜಿ., ಬಟ್ಟೆ ಮಿಲ್ಲಿನವರಿಗೆ ಮೀಟರ್ ಮತ್ತು ಕೆ.ಜಿ., ಇದೇ ರೋಗ.

ಒಂದು ತಿಂಗಳು ಮೇಲೆ, ಮುಂದಿನ ತಿಂಗಳು ಕೆಳಗೆ

ಖರ್ಚು ಒಂದು ತಿಂಗಳು ಏರಿ ಮರು ತಿಂಗಳು ಇಳಿಯುತ್ತಿದ್ದರೆ ಎರಡೂ ತಿಂಗಳನ್ನು ಒಂದೇ ಅವಧಿ ಅಂತ ಸೇರಿಸಿ ಲೆಕ್ಕ ಹಾಕಿ ನೋಡಿ. ಸೇರಿಸಿದಾಗ ಸಾಮಾನ್ಯ ಮಟ್ಟಕ್ಕೆ ಬಂದರೆ ಖರ್ಚಿನಲ್ಲಿ ಏನೂ ಆಗಿಲ್ಲ, ಮಧ್ಯದ ಡಬ್ಲ್ಯುಐಪಿ ತಪ್ಪಾಗಿದೆ. ಈ ತಿಂಗಳ ಕೊನೆಯ ಮಾಲೇ ಮುಂದಿನ ತಿಂಗಳ ಶುರುವಿನ ಮಾಲು ಅಲ್ವಾ, ಇಲ್ಲಿ ಕಡಿಮೆ ಹಿಡಿದದ್ದು ಅಲ್ಲಿ ಲಾಭವಾಗಿ ಕಾಣುತ್ತದೆ.

ಹೀಗಾಗುವುದು ಹೆಚ್ಚಾಗಿ ಎಣಿಕೆಯಲ್ಲಿ. ತಿಂಗಳ ಕೊನೆ ಭಾನುವಾರ ಬಂದರೆ ಶನಿವಾರವೇ ಎಣಿಸುತ್ತಾರೆ, ಸೋಮವಾರ ಬೆಳಿಗ್ಗೆ ಒಡೆದದ್ದು ಯಾವ ತಿಂಗಳಿಗೆ ಸೇರಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮುಗಿದು ಬುಟ್ಟಿಯಲ್ಲೇ ಇರುವ, ಮುಂದಿನ ವಿಭಾಗಕ್ಕೆ ಹೋಗದ ತಿರುಳನ್ನೂ ಮರೆಯುತ್ತಾರೆ. ಅದು ಶೇ. 100 ಮುಗಿದದ್ದು, ಅದನ್ನು ಶೇ. 40ರ ಗುಂಪಿಗೆ ಸೇರಿಸಬಾರದು.

ಇನ್ನು ಆ ಶೇ. 40 ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ಆಡಿಟರ್ ಕೇಳುವುದೇ ಇದನ್ನು, ಉತ್ತರ ಇದ್ದೇ ಇರಬೇಕು. ಕಣ್ಣಳತೆಯಲ್ಲಿ "ಅರ್ಧ ಆಗಿರಬಹುದು" ಅಂತ ಹಾಕುವುದಕ್ಕಿಂತ ಹಂತವಾರು ಖರ್ಚು ಕೂಡಿ ನೋಡಿ. ಗಾತ್ರ ಬೇರ್ಪಡಿಸುವುದು, ಬಾಯ್ಲರ್ ಉರುವಲು, ಬೇಯಿಸುವ ಕೂಲಿ, ಹೊರುವ ಕೂಲಿ ಇವೆಲ್ಲ ₹42ರಲ್ಲಿ ₹16.80 ಇದ್ದರೆ ಶೇ. 40 ಸರಿ. ಸಮಯದ ಲೆಕ್ಕ ಬೇಡ. ಬೇಯಿಸಿದ ಬೀಜ ರಾತ್ರಿಯಿಡೀ ಆರುತ್ತಾ ಬಿದ್ದಿರುತ್ತದೆ, ಆಗ ಗಂಟೆ ಓಡುತ್ತದೆ, ಖರ್ಚು ಓಡುವುದಿಲ್ಲ. ತೂಕದ ಮೇಲೆ ಕೂಲಿ ಕೊಡುವ ಕಡೆ ಇನ್ನೂ ಸುಲಭ, ಒಡೆಯದ ಬೀಜಕ್ಕೆ ಒಡೆಯುವ ಕೂಲಿಯನ್ನು ಯಾರೂ ಕೊಟ್ಟಿರುವುದಿಲ್ಲ.

ಆದರೆ ನಿಜ ಹೇಳಬೇಕೆಂದರೆ ಈ ಶೇಕಡಾವಾರಿನ ಬಗ್ಗೆ ಜನ ಬೇಕಿದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 40ರ ಬದಲು 80 ಹಾಕಿದರೂ ಕನ್ವರ್ಷನ್ ₹42ರಿಂದ ₹39.64ಕ್ಕೆ ಇಳಿಯುತ್ತದೆ, ಅಷ್ಟೇ. ಕೆ.ಜಿ.ಗೆ ಎರಡೂವರೆ ರೂಪಾಯಿಯೂ ಇಲ್ಲ. ₹558ರಲ್ಲಿ ₹516 ಬೀಜದ್ದೇ. ಹಾಗಾಗಿ 6,000 ಕೆ.ಜಿ. ಬದಲು 7,000 ಅಂತ ತಪ್ಪಾಗಿ ಎಣಿಸಿದರೆ ಆಗುವ ಹಾನಿಯ ಮುಂದೆ ಇದು ಏನೇನೂ ಅಲ್ಲ. ಸಕ್ಕರೆ, ಗೋಡಂಬಿ, ಕಾಫಿ ಕ್ಯೂರಿಂಗ್‌ನಂಥ ಸಾಮಗ್ರಿಯೇ ಮುಖ್ಯವಾದ ಕೆಲಸಗಳಲ್ಲಿ ಎಣಿಕೆಗೆ ಸಮಯ ಕೊಡಿ.

ವೇಟೆಡ್ ಆವರೇಜ್ ಮತ್ತು ಫಿಫೊ ಬೆರೆತಿದೆಯಾ ನೋಡಿ

ವೇಟೆಡ್ ಆವರೇಜ್ ಅಂದರೆ ಶುರುವಿನ ಮಾಲಿನ ಖರ್ಚನ್ನೂ ಸೇರಿಸು, ಅದರ ಯೂನಿಟ್ಟನ್ನೂ ಸೇರಿಸು. ಫಿಫೊ (ಮೊದಲು ಬಂದ ಮಾಲು ಮೊದಲು ಹೊರಗೆ) ಅಂದರೆ ಈ ತಿಂಗಳ ಖರ್ಚು ಮಾತ್ರ, ಈ ತಿಂಗಳು ಮಾಡಿದ ಕೆಲಸ ಮಾತ್ರ. ಎರಡೂ ಸರಿ. ಮೇಲೆ ಒಂದು, ಕೆಳಗೆ ಇನ್ನೊಂದು ಇಟ್ಟರೆ ಮಾತ್ರ ಕೆಡುತ್ತದೆ.

ಸಾಮಗ್ರಿ ₹472.73 ಬಂದಿದ್ದರೆ ಫಿಫೊ ಖರ್ಚನ್ನು ಆವರೇಜ್ ಯೂನಿಟ್ಟಿನಿಂದ ಭಾಗಿಸಿದ್ದೀರಿ, ₹52,00,000 ಭಾಗಿಸು 11,000. ₹567.60 ಬಂದಿದ್ದರೆ ಉಲ್ಟಾ, ₹56,76,000 ಭಾಗಿಸು 10,000 (11,000ದಲ್ಲಿ ಶುರುವಿನ ಮಾಲಿನ 1,000 ಕಳೆದ ಫಿಫೊ ಯೂನಿಟ್). ಸಾಮಾನ್ಯವಾಗಿ ಹಳೆಯ ಶೀಟನ್ನು ಕಾಪಿ ಮಾಡಿ ಒಂದು ಸಾಲು ಅಳಿಸಿದವರ ಕೆಲಸ ಇದು.

ಸರಿಯಾಗಿ ಫಿಫೊ ಮಾಡಿದರೆ ಸಾಮಗ್ರಿ ₹52,00,000 ಭಾಗಿಸು 10,000, ₹520. ಕನ್ವರ್ಷನ್‌ಗೆ 10,100ರಿಂದ ಶುರುವಿನ ಮಾಲಿನಲ್ಲಿ ಆಗಲೇ ಆಗಿದ್ದ 400 ಯೂನಿಟ್ (4,000 ಕೆ.ಜಿ. ಬೀಜ ಅಂದರೆ 1,000 ತಿರುಳು, ಅದರ ಶೇ. 40) ಕಳೆದು 9,700. ₹4,08,200 ಭಾಗಿಸು 9,700, ₹42.08. ಈ ತಿಂಗಳ ದರ ₹562.08. ಹಾಗಂತ 9,500 ಪೂರ್ತಿಯನ್ನು ₹562.08ರಿಂದ ಗುಣಿಸಬೇಡಿ. ಮೊದಲ 1,000 ಕೆ.ಜಿ. ಹಳೆಯ ₹4,92,000 ಹೊತ್ತುಕೊಂಡು ಬಂದಿದೆ, ಅದಕ್ಕೆ ಬಾಕಿ ಶೇ. 60 ಕೆಲಸ ಮಾತ್ರ ಸೇರಿಸಬೇಕು. ಹಾಗೆ ಮಾಡಿದರೆ 9,500 ಕೆ.ಜಿ.ಯ ಸರಾಸರಿ ಸುಮಾರು ₹557.36 ಆಗುತ್ತದೆ, ಆವರೇಜ್ ವಿಧಾನದ ₹558ಕ್ಕೆ ಪಕ್ಕದಲ್ಲೇ. ಬೀಜದ ರೇಟು ಸೀಸನ್ನಿಗೆ ತಕ್ಕಂತೆ ಹಾರುವಾಗ ಈ ತಿಂಗಳ ನಿಜ ದರ ಕಾಣಬೇಕಾದರೆ ಫಿಫೊ ಒಳ್ಳೆಯದು. ಚಿಕ್ಕ ಫ್ಯಾಕ್ಟರಿಗೆ ಆವರೇಜ್ ಸಾಕು. ತಿಂಗಳಿಗೊಂದು ಬದಲಾಯಿಸಬೇಡಿ.

ಮೊದಲ ವಿಭಾಗ ಸರಿ ಇದೆ, ಎರಡನೆಯದು ಕೆಟ್ಟಿದೆ

ಹೀಗಿದ್ದರೆ ಮೊದಲು ನೋಡಬೇಕಾದದ್ದು ಹಿಂದಿನ ವಿಭಾಗದಿಂದ ಬಂದ ಖರ್ಚು. ಅದು ಎರಡನೇ ವಿಭಾಗಕ್ಕೆ ಸಾಮಗ್ರಿ ಇದ್ದಂತೆ, ಯಾವಾಗಲೂ ಶೇ. 100 ಮುಗಿದದ್ದೇ. ಕೆಲವರು ಅದಕ್ಕೂ ಶೇ. 40, ಶೇ. 60 ಹಾಕಿಬಿಡುತ್ತಾರೆ. ಅದಕ್ಕಿಂತ ಜಾಸ್ತಿ ಕಾಣುವುದು ಲಿಂಕ್ ತಪ್ಪುವುದು: ಈ ತಿಂಗಳ ಫೈಲು ಹೋದ ತಿಂಗಳ ಫೈಲಿನ ಸೆಲ್ಲನ್ನೇ ಓದುತ್ತಿರುತ್ತದೆ. ಮೊದಲ ವಿಭಾಗದಿಂದ ಹೊರಟ ಮೊತ್ತ ಮತ್ತು ಎರಡನೆಯದಕ್ಕೆ ಬಂದ ಮೊತ್ತ ಪೈಸೆಯಷ್ಟೂ ಬೇರೆ ಇರಬಾರದು.

ಇಲ್ಲಿ ಚಿಪ್ಪಿನ ವಿಷಯ ಬರುತ್ತದೆ. 38,000 ಕೆ.ಜಿ. ಒಡೆದು 9,500 ತಿರುಳು ತೆಗೆದರೆ 28,500 ಕೆ.ಜಿ. ಚಿಪ್ಪು ಉಳಿಯುತ್ತದೆ. ಚಿಪ್ಪಿನಿಂದ ಎಣ್ಣೆ ತೆಗೆಯುತ್ತಾರೆ, ಬಣ್ಣ, ರೆಸಿನ್, ಬ್ರೇಕ್ ಲೈನಿಂಗ್ ಮಾಡುವವರಿಗೆ ಅದು ಬೇಕು. ಕೆ.ಜಿ.ಗೆ ₹6 ಬಂತು ಅಂದುಕೊಂಡರೆ ₹1,71,000. ಇದನ್ನು "ಇತರ ಆದಾಯ"ಕ್ಕೆ ಹಾಕಿದರೆ ತಿರುಳಿನ ಖರ್ಚು ಕೆ.ಜಿ.ಗೆ ₹18 ಜಾಸ್ತಿ ಕಾಣುತ್ತದೆ. ಮೊದಲ ವಿಭಾಗದ ಖರ್ಚಿನಿಂದಲೇ ಕಳೆಯಬೇಕು, ಅದೂ ಒಡೆದ 9,500 ಕೆ.ಜಿ. ಮೇಲೆ ಮಾತ್ರ, ಒಡೆಯದ ಬೀಜದ ಚಿಪ್ಪು ಇನ್ನೂ ಬೀಜದ ಮೇಲೇ ಇದೆ. ಹಾಗೆ ₹558ರಲ್ಲಿ ₹18 ಕಳೆದು ₹540. ಎರಡನೇ ವಿಭಾಗಕ್ಕೆ ಹೋಗುವ ಮೊತ್ತ ₹51,30,000.

ಚಿಪ್ಪನ್ನು ಮಾರದೆ ನಿಮ್ಮದೇ ಬಾಯ್ಲರಿಗೆ ಉರಿಸಿದರೆ? ಆಗಲೂ ಅದೇ ರೇಟಿಗೆ ಕ್ರೆಡಿಟ್ ಕೊಟ್ಟು ಬಾಯ್ಲರ್ ಖರ್ಚಿಗೆ ಡೆಬಿಟ್ ಹಾಕಿ. ಇಲ್ಲದಿದ್ದರೆ ಹಬೆ ಪುಕ್ಕಟೆ ಸಿಕ್ಕಂತೆ ಕಾಣುತ್ತದೆ, ಮುಂದಿನ ವರ್ಷ ಚಿಪ್ಪು ಪೂರ್ತಿ ಮಾರಿ ಸೌದೆ ಕೊಂಡಾಗ ಖರ್ಚು ಯಾಕೆ ಏರಿತು ಅಂತ ಮತ್ತೆ ಹುಡುಕಬೇಕಾಗುತ್ತದೆ.

ಹೋದ ತೂಕದ ಗೊಂದಲ

ಬೊರ್ಮಾದಲ್ಲಿ ನೀರಿನಂಶ ಹೋಗುತ್ತದೆ, ಸುಲಿದಾಗ ಸಿಪ್ಪೆ ಹೋಗುತ್ತದೆ. ಇದು ಯಾರೂ ತಪ್ಪಿಸಲಾಗದ ನಾರ್ಮಲ್ ಲಾಸ್. ಶೇ. 10 ಅಂತ ಇಟ್ಟುಕೊಂಡರೆ 9,500ಕ್ಕೆ 950 ಹೋಗಿ 8,550 ಬರಬೇಕು. ಬಂದದ್ದು 8,400. ಬಾಕಿ 150 ಕೆ.ಜಿ. ಅಬ್‌ನಾರ್ಮಲ್ ಲಾಸ್: ಸುಟ್ಟದ್ದು, ಹುಳ ಹಿಡಿದದ್ದು, ಕಳುವಾದದ್ದು, ಏನೋ ಒಂದು.

ಈ ವಿಭಾಗದ ಕನ್ವರ್ಷನ್ ₹3,03,250, ಸಿಪ್ಪೆ ಮಾರಿ ಬಂದದ್ದು ₹4,000. ನಿವ್ವಳ ಒಟ್ಟು ₹54,29,250. ಈ ತಿಂಗಳು ಇಲ್ಲಿ ಡಬ್ಲ್ಯುಐಪಿ ಇಲ್ಲ ಅಂದುಕೊಳ್ಳಿ. ಭಾಗಿಸಬೇಕಾದದ್ದು ಬರಬೇಕಿದ್ದ 8,550ರಿಂದ, ₹635 ಬರುತ್ತದೆ. ನಾರ್ಮಲ್ ಲಾಸಿನ ಖರ್ಚನ್ನು ಒಳ್ಳೆಯ ಮಾಲು ಹೊರುತ್ತದೆ, ಅದಕ್ಕೇ 950 ಅನ್ನು ಕೆಳಗಿನ ಸಂಖ್ಯೆಯಿಂದ ತೆಗೆದದ್ದು. ಅಬ್‌ನಾರ್ಮಲ್ ಲಾಸ್ ಹಾಗಲ್ಲ, 150 ಕೆ.ಜಿ.ಗೂ ₹635 ಕಟ್ಟಿ ₹95,250 ಅನ್ನು ನೇರ ಲಾಭ-ನಷ್ಟ ಖಾತೆಗೆ ಹಾಕಬೇಕು. ಒಳ್ಳೆಯ 8,400 ಕೆ.ಜಿ.ಗೆ ₹53,34,000.

ನಿಮ್ಮಲ್ಲಿ ₹571.50 ಬಂದಿದ್ದರೆ 9,500ರಿಂದ ಭಾಗಿಸಿದ್ದೀರಿ, ಹೋದ ನೀರಿಗೂ ಸಿಪ್ಪೆಗೂ ತಿರುಳಿನ ಬೆಲೆ ಕಟ್ಟಿದಂತಾಯಿತು. ₹646.34 ಬಂದಿದ್ದರೆ 8,400ರಿಂದ ಭಾಗಿಸಿದ್ದೀರಿ, ಕಳುವಾದದ್ದರ ಖರ್ಚನ್ನೂ ಸ್ಟಾಕಿನಲ್ಲಿ ಬಚ್ಚಿಟ್ಟಿದ್ದೀರಿ. ಎರಡನೆಯದು ನೋಡಲು ಸಹಜ ಅನ್ನಿಸುತ್ತದೆ, "ಬಂದದ್ದರಿಂದ ತಾನೇ ಭಾಗಿಸುವುದು" ಅಂತ ವಾದಿಸುವವರು ಬಹಳ. ಆದರೆ ಹಾಗೆ ಮಾಡಿದರೆ ಬೊರ್ಮಾ ಕೆಟ್ಟು ಮಾಲು ಸುಟ್ಟ ತಿಂಗಳಲ್ಲಿ ಆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ, ಬರೀ ಗೋಡಂಬಿ ದುಬಾರಿ ಆಯಿತು ಅಂತ ಕಾಣುತ್ತದೆ. ಸ್ಟಾಕಿಗೆ ಬೆಲೆ ಕಟ್ಟುವ ಲೆಕ್ಕಪತ್ರ ಮಾನದಂಡಗಳಾದ ಎಎಸ್ 2, ಇಂಡ್ ಎಎಸ್ 2 ಎರಡೂ ಅಸಹಜ ನಷ್ಟವನ್ನು ಸ್ಟಾಕಿನ ಬೆಲೆಗೆ ಸೇರಿಸಬಾರದು ಅನ್ನುತ್ತವೆ.

ಲಾಸ್ ಕಡಿಮೆಯಾಗಿ 8,550ಕ್ಕಿಂತ ಜಾಸ್ತಿ ಬಂದರೆ ಅಬ್‌ನಾರ್ಮಲ್ ಗೇನ್. ಖುಷಿಪಡುವ ಮೊದಲು ಮಾಯ್ಶ್ಚರ್ ಮೀಟರ್ ರೀಡಿಂಗ್ ಕೇಳಿ. ಸುಲಿದ ಮೇಲೆ ತಿರುಳು ಪುಡಿಯಾಗದಿರಲಿ ಅಂತ ಸ್ವಲ್ಪ ತೇವ ಕೊಡುತ್ತಾರೆ. ಪ್ಯಾಕ್ ಮಾಡುವಾಗ ಶೇ. 5 ಮೀರಬಾರದು. ಮೀರಿದ್ದರೆ ನಿಮ್ಮ ಗೇನ್ ನೀರು, ಅದು ಪಾರ್ಟಿಯ ಹತ್ತಿರ ರಿಜೆಕ್ಷನ್ ಆಗಿ ವಾಪಸ್ ಬರುತ್ತದೆ.

ಶೇ. 10 ಅನ್ನುವುದನ್ನೂ ಸೀಸನ್ನಿಗೊಮ್ಮೆ ಪರೀಕ್ಷಿಸಿ. ಊರಿನ ಬೀಜ, ಐವರಿ ಕೋಸ್ಟ್ ಬೀಜ, ತಾಂಜಾನಿಯಾ ಬೀಜ ಎಲ್ಲಕ್ಕೂ ಒಂದೇ ಯೀಲ್ಡ್, ಒಂದೇ ಲಾಸ್ ಹಾಕಿಕೊಂಡು ಕೂತರೆ ಪ್ರತಿ ತಿಂಗಳೂ ಅಸಹಜ ನಷ್ಟ ಅಥವಾ ಲಾಭ ಕಾಣುತ್ತಲೇ ಇರುತ್ತದೆ. ಲಾಟ್‌ವಾರು ಇಡಿ.

ಚೂರು ಯಾವಾಗಲೂ ನಷ್ಟದಲ್ಲಿ, ಇಡಿ ಗೋಡಂಬಿ ಯಾವಾಗಲೂ ಲಾಭದಲ್ಲಿ

ಇದು ಲೆಕ್ಕದ ತಪ್ಪಲ್ಲ, ಹಂಚಿಕೆಯ ತಪ್ಪು. ₹635 ಸರಾಸರಿ. ಡಬ್ಲ್ಯು-240, ಡಬ್ಲ್ಯು-320ರಂಥ ಇಡಿ ತಿರುಳಿಗೂ ಚೂರಿಗೂ ಅದೇ ₹635 ಹಾಕಿದರೆ ₹500ಕ್ಕೆ ಮಾರುವ ಚೂರಿನಲ್ಲಿ ಕೆ.ಜಿ.ಗೆ ₹135 ನಷ್ಟ ಕಾಣುತ್ತದೆ. ಹಾಗಂತ ಚೂರು ಮಾಡುವುದು ನಿಲ್ಲಿಸೋಣವೇ? ಅದು ಯಾರೂ ಬೇಕೆಂದು ಮಾಡಿದ್ದಲ್ಲ, ಒಡೆಯುವಾಗ ಆದದ್ದು.

ಮಾರಾಟ ಬೆಲೆಯ ಪ್ರಮಾಣದಲ್ಲಿ ಹಂಚಿ. ಇಡಿ 5,400 ಕೆ.ಜಿ. ₹800ಕ್ಕೆ, ಬೇಳೆ (ಎರಡು ಹೋಳಾದ ತಿರುಳು) 1,800 ಕೆ.ಜಿ. ₹700ಕ್ಕೆ, ಚೂರು 1,200 ಕೆ.ಜಿ. ₹500ಕ್ಕೆ ಅಂದರೆ ಒಟ್ಟು ₹61,80,000. ಖರ್ಚು ₹53,34,000, ಅಂದರೆ ಮಾರಾಟದ ಶೇ. 86.31. ಇಡಿಗೆ ₹690.49, ಬೇಳೆಗೆ ₹604.17, ಚೂರಿಗೆ ₹431.55. ಈಗ ಎಲ್ಲ ಗ್ರೇಡಿನ ಲಾಭದ ಶೇಕಡಾವಾರೂ ಒಂದೇ. ಇದರಿಂದ ಯಾವ ಗ್ರೇಡು ಲಾಭ ಅಂತ ಹೇಳಲು ಆಗುವುದಿಲ್ಲ, ಹೇಳಲು ಹೋಗಲೂಬೇಡಿ. ಇದು ಸ್ಟಾಕಿಗೆ ಬೆಲೆ ಕಟ್ಟಲು ಮಾತ್ರ. ಲಾಭ ಹೆಚ್ಚಿಸಬೇಕಾದರೆ ನೋಡಬೇಕಾದ ಸಂಖ್ಯೆ ಬೇರೆ: ನೂರು ಕೆ.ಜಿ. ತಿರುಳಿನಲ್ಲಿ ಇಡಿ ಎಷ್ಟು, ಒಡೆದದ್ದು ಎಷ್ಟು. ಮೆಷಿನ್ ಸೆಟ್ಟಿಂಗ್ ಹಾಳಾದದ್ದು ಅಲ್ಲೇ ಮೊದಲು ಗೊತ್ತಾಗುತ್ತದೆ.

ಕೊನೆಗೆ ರೂಪಾಯಿ ಕಡೆ

ಮೇಲಿನದೆಲ್ಲ ಸರಿ ಇದ್ದೂ ಖರ್ಚು ಜಾಸ್ತಿ ಬಂದರೆ ಆಗ ಮೊತ್ತ ನೋಡಿ. ಸಾಮಾನ್ಯವಾಗಿ ಸಿಗುವುದು ಇಷ್ಟು.

ಜಿಎಸ್‌ಟಿ. ರೈತರಿಂದ ಒಡೆಯದ ಗೇರುಬೀಜ ಕೊಂಡರೆ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೋಂದಾಯಿತ ಕೊಳ್ಳುವವರೇ ಕಟ್ಟಬೇಕು. ಕ್ರೆಡಿಟ್ ಸಿಗುವ ತೆರಿಗೆ ಬೀಜದ ಖರ್ಚಿಗೆ ಸೇರಬಾರದು. ಕೆಲವೊಮ್ಮೆ ಊರಿನ ಖರೀದಿಗೆ ತೆರಿಗೆ ಸೇರಿಸಿ, ಆಮದು ಮಾಲಿಗೆ ಸೇರಿಸದೆ ಬರೆದಿರುತ್ತಾರೆ, ಆಗ ಊರಿನ ಬೀಜ ದುಬಾರಿ ಅಂತ ಕಾಣುತ್ತದೆ.

ಗೋದಾಮಿನಲ್ಲಿ ಒಣಗಿದ ತೂಕ. ನಮ್ಮ ಕಡೆ ಬೀಜದ ಸೀಸನ್ ಫೆಬ್ರವರಿಯಿಂದ ಮೇ ತನಕ. ವರ್ಷವಿಡೀ ಫ್ಯಾಕ್ಟರಿ ಓಡಲು ಆಗಲೇ ಕೊಂಡು ಇಡುತ್ತಾರೆ, ಇಟ್ಟದ್ದು ಒಣಗುತ್ತದೆ. 100 ಟನ್ ₹130ಕ್ಕೆ ಕೊಂಡು 97 ಟನ್ ಉಳಿದರೆ ನಿಜವಾದ ದರ ₹134.02. ₹130ರಲ್ಲೇ ಇಶ್ಯೂ ಮಾಡುತ್ತಾ ಹೋದರೆ ಕೊನೆಗೆ ಪುಸ್ತಕದಲ್ಲಿ 3 ಟನ್, ₹3,90,000 ಉಳಿಯುತ್ತದೆ, ಗೋದಾಮಿನಲ್ಲಿ ಬರೀ ಗೋಣಿಚೀಲ. ಆ ಮೊತ್ತವನ್ನು ಒಂದೇ ತಿಂಗಳಿಗೆ ಹಾಕಿದಾಗ ಆ ತಿಂಗಳ ಯೂನಿಟ್ ಕಾಸ್ಟ್ ಹಾರುತ್ತದೆ.

ತಾರೀಕು. ವಾರದ ಕೂಲಿ ಶನಿವಾರಕ್ಕೆ ಮುಗಿಯುತ್ತದೆ, ಉತ್ಪಾದನೆ 31ಕ್ಕೆ. ಕರೆಂಟ್ ಬಿಲ್ಲಿನ ತಿಂಗಳು ಇನ್ನೊಂದು. ಐದು ವಾರದ ಕೂಲಿ ಬಿದ್ದ ತಿಂಗಳಲ್ಲಿ ಕನ್ವರ್ಷನ್ ಏರಿದರೆ ಗಾಬರಿ ಬೇಡ, ಬಾಕಿ ಎಂಟ್ರಿ ಹಾಕಿ ಸರಿಮಾಡಿ.

ಸ್ಥಿರ ಖರ್ಚು. ಮಾಲು ಕಡಿಮೆ ಇರುವ ತಿಂಗಳಲ್ಲಿ ಯೂನಿಟ್ ಕಾಸ್ಟ್ ಏರುವುದು ಇದರಿಂದ. ಬಾಡಿಗೆ, ಸಂಬಳ, ಸವಕಳಿ ಸೇರಿ ತಿಂಗಳಿಗೆ ₹2,00,000, ಸಾಮಾನ್ಯ ಉತ್ಪಾದನೆ 10,000 ಕೆ.ಜಿ. ಅಂದರೆ ಕೆ.ಜಿ.ಗೆ ₹20. ಬೀಜ ಸಿಗದೆ 4,000 ಕೆ.ಜಿ. ಮಾತ್ರ ಮಾಡಿದ ತಿಂಗಳಲ್ಲಿ ₹50 ಹಾಕಬೇಡಿ. ಸಾಮಾನ್ಯ ಸಾಮರ್ಥ್ಯದ ಮೇಲೆ ₹20ರಂತೆ ₹80,000 ಮಾತ್ರ ಮಾಲಿಗೆ, ಉಳಿದ ₹1,20,000 ಆ ತಿಂಗಳ ಲಾಭ-ನಷ್ಟಕ್ಕೆ. ಮಾಲು ಸ್ಟಾಕಿನಲ್ಲಿ ಉಳಿದಿದ್ದರೆ ಅದರ ಜೊತೆ ಮುಂದಿನ ತಿಂಗಳಿಗೆ ಸಾಗಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಮಾರ್ಚ್ ಕೊನೆಗೆ ಅದು ಸಿಕ್ಕಿಬೀಳುತ್ತದೆ.